ಲಕ್ವ ಹೊಡೆದವನಿಗೆ ಕುಡುಕನ ಪಟ್ಟವೇಕೆ?



ನಮ್ಮ ಮುಂಬಯಿಯ ಹೋಟೆಲುಗಳಲ್ಲಿ ವೈದ್ಯರು ನೋಡುವ ಮೊದಲೇ ರೋಗದ ತೀರ್ಪು ಹೇಳುವ ಒಂದು ಕೋರ್ಟು ಇದೆ. ಅದರ ಪೀಠ ಗಲ್ಲಾಪೆಟ್ಟಿಗೆಯ ಹಿಂದಿದೆ. ಮೂವತ್ತು ಮೂವತ್ತೈದರ ಪ್ರಾಯದ ಕೆಲಸಗಾರ ತೂರಾಡುತ್ತ ನಡೆದರೆ, ಮಾತು ತೊದಲಿದರೆ, ವಾಂತಿ ಮಾಡಿ ಮೂಲೆಯಲ್ಲಿ ಕುಸಿದರೆ ತೀರ್ಪು ಸಿದ್ಧ: “ಕುಡಿದಿದ್ದಾನೆ. ಒಳಗೆ ಮಲಗಿಸಿ, ಇಳಿದ ಮೇಲೆ ಏಳುತ್ತಾನೆ.” ಬೆಳಗಾದರೂ ಆತ ಏಳದಿದ್ದರೆ, ಒಂದು ಕೈ ಒಂದು ಕಾಲು ಬಿದ್ದುಹೋಗಿದ್ದರೆ, ತೀರ್ಪಿಗೆ ಬಾಲ ಸೇರುತ್ತದೆ: “ಕುಡಿದದ್ದಕ್ಕೆ ಅನುಭವಿಸಿದ.” ಆಮೇಲೆ ಒಂದು ಬಸ್ಸಿನ ಟಿಕೇಟು, ಕೈಗೆ ಒಂದೆರಡು ಸಾವಿರ ರೂಪಾಯಿ, ಊರಿನ ದಾರಿ. ಅಲ್ಲಿಗೆ ಮೊಕದ್ದಮೆ ಮುಗಿಯಿತು.

ಈ ಕೋರ್ಟಿನ ಮೇಲೆ ನಾವು ಇಂದು ಅಪೀಲು ಹಾಕುತ್ತಿದ್ದೇವೆ.

ನಮ್ಮವರಲ್ಲಿ ಕುಡಿಯುವವರೇ ಇಲ್ಲವೆಂದು ನಾವು ವಾದಿಸುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ, ತಂಬಾಕು, ಕುಡಿತ, ಇವೆಲ್ಲ ಲಕ್ವಕ್ಕೆ ಹಾದಿ ಮಾಡುತ್ತವೆಂಬುದು ನಿಜ. ಹೆಚ್ಚಿನ ಲಕ್ವಗಳು ಇವುಗಳಿಂದಲೇ ಬರುತ್ತವೆ. ಇವುಗಳಿಂದ ದೂರವಿರಿ ಎಂದು ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದರೂ ತಪ್ಪಲ್ಲ. ಆದರೆ ವಿಚಾರಣೆಯಿಲ್ಲದೆ ಕೊಟ್ಟ ಶಿಕ್ಷೆ ನ್ಯಾಯವಲ್ಲ. ಒಂದು ಹನಿ ಮುಟ್ಟದವನಿಗೂ, ರಕ್ತದೊತ್ತಡವಿಲ್ಲದವನಿಗೂ, ಮೊನ್ನೆಯವರೆಗೆ ಗೋಣಿ ಹೊತ್ತು ಓಡಾಡಿದವನಿಗೂ ಲಕ್ವ ಹೊಡೆಯುವುದುಂಟು. ಅಂಥವರಲ್ಲಿ ಎಷ್ಟೋ ಜನರ ತಪ್ಪು ಅವರ ನಡತೆಯಲ್ಲಿಲ್ಲ. ಅವರ ರಕ್ತನಾಳದ ಗೋಡೆಯಲ್ಲಿದೆ.

ಕೊರಳೊಳಗಿನ ಸೀಳು

ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ನಮ್ಮ ಕೊರಳಲ್ಲಿ ನಾಲ್ಕು. ಎರಡು ಮುಂದೆ, ಗಂಟಲಿನ ಆಚೀಚೆ. ಬೆರಳಿಟ್ಟರೆ ಬಡಿತ ತಿಳಿಯುತ್ತದೆ. ಇನ್ನೆರಡು ಹಿಂದೆ, ಕತ್ತಿನ ಮೂಳೆಗಳ ಪಕ್ಕದ ತೂತುಗಳಲ್ಲಿ ನುಸುಳಿಕೊಂಡು, ತಲೆಬುಡದ ಮೂಳೆಯನ್ನು ಬಳಸಿ ಮೇಲೇರುತ್ತವೆ. ಈ ನಾಳಗಳ ಗೋಡೆಗೆ ಮೂರು ಪದರ. ಒಳಪದರ ಎಲ್ಲಾದರೂ ಸೀಳಿದರೆ ಹರಿಯುವ ರಕ್ತ ಆ ಸೀಳಿನೊಳಗೆ ನುಗ್ಗಿ ಪದರಗಳನ್ನು ಬೇರ್ಪಡಿಸುತ್ತದೆ. ಹಳೆಯ ರಬ್ಬರು ನಳಿಗೆಯ ಒಳಮೈ ಕಿತ್ತು ಉಬ್ಬಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ನೀರು ಮಾತ್ರ ಸರಿಯಾಗಿ ಬರುವುದಿಲ್ಲ, ಇದೂ ಹಾಗೆಯೇ. ನಾಳದ ದಾರಿ ಇಕ್ಕಟ್ಟಾಗುತ್ತದೆ. ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೇಲೆ ಹೋಗಿ ಮೆದುಳಿನ ಸಣ್ಣ ನಾಳವನ್ನು ಮುಚ್ಚುತ್ತದೆ. ಆಗ ಹೊಡೆಯುವುದೇ ಲಕ್ವ.

ಮೊದಲು ಇಂಥ ಸೀಳು ಗೊತ್ತಾಗುತ್ತಿದ್ದುದು ಹೆಚ್ಚಾಗಿ ಹೆಣ ಕೊಯ್ದು ನೋಡಿದಾಗ. ಬದುಕಿರುವವರಲ್ಲಿಯೇ ಇದನ್ನು ಗುರುತಿಸಬಹುದೆಂದು ಬಾಸ್ಟನ್ನಿನ ನರವೈದ್ಯ ಮಿಲ್ಲರ್ ಫಿಶರ್ ಮತ್ತು ಅವರ ಜೊತೆಗಾರರು 1978ರಲ್ಲಿ ವಿವರವಾಗಿ ಬರೆದರು. ಅಂದರೆ ಈ ತಿಳುವಳಿಕೆ ನಿನ್ನೆ ಮೊನ್ನೆಯದಲ್ಲ. ಆದರೂ ಅದು ನಮ್ಮ ಅಡುಗೆಮನೆಯ ಬಾಗಿಲಿಗೆ ಇನ್ನೂ ಬಂದಿಲ್ಲ.

ಹಿಂದಿನ ಎರಡು ನಾಳಗಳಲ್ಲಿ ಸೀಳು ಬಿದ್ದಾಗ ನಡೆಯುವ ಅನ್ಯಾಯವನ್ನು ಕೇಳಿ. ಆ ನಾಳಗಳು ಉಣಿಸುವುದು ಮೆದುಳಿನ ಬುಡವನ್ನೂ, ನಡಿಗೆಯ ಹದ ಕಾಯುವ ಕಿರುಮೆದುಳನ್ನೂ. ಅಲ್ಲಿ ರಕ್ತ ನಿಂತರೆ ತಲೆ ಗಿರ್ರನೆ ತಿರುಗುತ್ತದೆ, ವಾಂತಿಯಾಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ನಾಲಗೆ ತೊದಲುತ್ತದೆ, ಹೆಜ್ಜೆ ಅಡ್ಡಾದಿಡ್ಡಿ ಬೀಳುತ್ತದೆ. ಕೆಲವರಿಗೆ ಬಿಕ್ಕಳಿಕೆ ನಿಲ್ಲುವುದಿಲ್ಲ, ನೀರು ನುಂಗಲು ಬರುವುದಿಲ್ಲ. ಕೈಕಾಲು ಬೀಳದೆಯೂ ಇರಬಹುದು. ಈ ಲಕ್ಷಣಗಳನ್ನು ಒಟ್ಟಿಗೆ ನೋಡಿದವರು ಏನೆನ್ನುತ್ತಾರೆ? ಥೇಟು ಕುಡುಕ! ಮೆದುಳು ಸಾಯುತ್ತಿರುವವನನ್ನು ನಶೆ ಇಳಿಯಲೆಂದು ಮಲಗಿಸುತ್ತಾರೆ. ಬಾಯಲ್ಲಿ ಸಾರಾಯಿಯ ವಾಸನೆ ಇದ್ದರೂ ಈ ಮಾತು ಬದಲಾಗದು. ಕುಡಿದವನಿಗೆ ಲಕ್ವ ಹೊಡೆಯುವುದಿಲ್ಲವೆಂದು ಯಾವ ಶಾಸ್ತ್ರದಲ್ಲಿದೆ?

ದೊಡ್ಡ ನಾಳ ಮುಚ್ಚಿದ ಲಕ್ವದಲ್ಲಿ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಿದ್ದಾರೆ. ಹೆಪ್ಪು ಕರಗಿಸುವ ಸೂಜಿಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ಮೊದಲ 4½ ಗಂಟೆ. ನಾಳದೊಳಗೆ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯ ಗುಣ 2015ರಲ್ಲಿ ರುಜುವಾತಾಯಿತು. ಕೆಲವು ರೋಗಿಗಳಿಗೆ 24 ಗಂಟೆಯವರೆಗೂ ಅದು ಫಲ ಕೊಡಬಹುದೆಂದು 2018ರಲ್ಲಿ ಗೊತ್ತಾಯಿತು. ಹೀಗಿರುವಾಗ “ಇಳಿದ ಮೇಲೆ ಏಳುತ್ತಾನೆ” ಎಂದು ಕಳೆಯುವ ಒಂದು ರಾತ್ರಿಯ ಬೆಲೆ ಎಷ್ಟು? ಊರಿನ ಬಸ್ಸು ಹತ್ತಿಸಿದರೆ ಅದು ಮುಟ್ಟುವುದು ಮರುದಿನ. ಆ ಬಸ್ಸಿನಲ್ಲಿ ಹೋಗುವುದು ರೋಗಿಯೊಬ್ಬನೇ ಅಲ್ಲ. ಆತನ ಕೈ, ಕಾಲು, ಮಾತು, ಮುಂದಿನ ಮೂವತ್ತು ವರ್ಷದ ದುಡಿಮೆ ಎಲ್ಲ ಹೋಗುತ್ತವೆ.

“ಅಪರೂಪ” ಎಂಬ ನೆಪ

ಗಲ್ಲಾಪೆಟ್ಟಿಗೆಯವರಿಗಿಂತ ನಯವಾಗಿ ಮಾತಾಡುವ ಇನ್ನೊಂದು ಪಕ್ಷವಿದೆ. ಇವರು ಓದಿದವರು. “ನೀವು ಹೇಳುವುದೆಲ್ಲ ಅಪರೂಪದ ಕಾಯಿಲೆ. ಸಾವಿರಾರು ರೂಪಾಯಿಯ ಸ್ಕ್ಯಾನು ಮಾಡಿಸಿ ಅಪರೂಪವನ್ನು ಹುಡುಕುವುದು ಬಡವರಿಗೆ ಆಗುವ ಮಾತೇ?” ಎಂದು ಕೇಳುತ್ತಾರೆ.

ಒಪ್ಪಿದೆವು, ಲೆಕ್ಕ ನೋಡೋಣ. ನಾಳ ಮುಚ್ಚಿ ಲಕ್ವ ಹೊಡೆದ 100 ಜನರನ್ನು ಸಾಲಾಗಿ ನಿಲ್ಲಿಸಿದರೆ, ಕೊರಳ ನಾಳದ ಸೀಳಿನಿಂದ ಹೊಡೆಸಿಕೊಂಡವರು ಸುಮಾರು ಇಬ್ಬರು. ಆದರೆ ಆ ಸಾಲಿನಲ್ಲಿ ನಿಂತವರು ಬಹುಪಾಲು ವಯಸ್ಸಾದವರು. 50ರ ಒಳಗಿನವರನ್ನಷ್ಟೇ ಬೇರೆ ಸಾಲು ಮಾಡಿದರೆ, 100ರಲ್ಲಿ 10ರಿಂದ 25 ಜನರಿಗೆ ಇದೇ ಸೀಳು ಕಾರಣ. ಇಡೀ ಮುಂಬಯಿಯ ಜನಸಂಖ್ಯೆಯಲ್ಲಿ ದೋಸೆ ಹೊಯ್ಯುವವರು ಅಪರೂಪ. ಹೋಟೆಲಿನ ಕಾವಲಿಯ ಮುಂದೆ ಅಪರೂಪವೇ? ಯಾರ ನಡುವೆ ಎಣಿಸುತ್ತೀರೆಂಬುದೇ ಪ್ರಶ್ನೆ. ನಮ್ಮ ಹೋಟೆಲುಗಳಲ್ಲಿ ದುಡಿಯುವವರು ಬಹುಮಟ್ಟಿಗೆ ಪ್ರಾಯದವರು. ಮುದುಕರ ಲೆಕ್ಕ ಹಿಡಿದು ಪ್ರಾಯದವರಿಗೆ “ಅಪರೂಪ” ಎನ್ನುವುದು ತಕ್ಕಡಿಯಲ್ಲಿ ಮೋಸ ಮಾಡಿದಂತೆ.

ಸೀಳು ಒಂದೇ ಅಲ್ಲ. ಇದರ ಬಳಗ ದೊಡ್ಡದು.

ಜಪಾನಿನಲ್ಲಿ 1957ರಲ್ಲಿ ವರ್ಣಿಸಲ್ಪಟ್ಟ ಮೊಯಮೊಯ ಎಂಬ ಕಾಯಿಲೆಯಲ್ಲಿ ಮೆದುಳಿನ ಬುಡದ ದೊಡ್ಡ ನಾಳಗಳು ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುತ್ತವೆ. ಅವುಗಳ ಬದಲಿಗೆ ಹುಟ್ಟುವ ಎಳೆನಾಳಗಳ ಗೊಂಚಲು ಚಿತ್ರದಲ್ಲಿ ಹೊಗೆಯ ಸುರುಳಿಯಂತೆ ಕಾಣುವುದರಿಂದ 1969ರಲ್ಲಿ ಆ ಹೆಸರು ಬಂತು. ಮಕ್ಕಳಿಗೂ ಬರುತ್ತದೆ, ನಡುಪ್ರಾಯದವರಿಗೂ ಬರುತ್ತದೆ. ಜೋರಾಗಿ ಅಳುವಾಗ, ಬಿಸಿ ತಿನಿಸನ್ನು ಊದಿ ತಿನ್ನುವಾಗ ಮಗುವಿನ ಒಂದು ಕೈ ಸ್ವಲ್ಪ ಹೊತ್ತು ಸೋತು ಮತ್ತೆ ಸರಿಯಾಗುವುದುಂಟು. ಇದನ್ನು “ದೃಷ್ಟಿ ತಾಗಿದೆ” ಎಂದು ಬಿಟ್ಟವರೆಷ್ಟು ಮಂದಿ!

ತಕಯಾಸು ಎಂಬ ಇನ್ನೊಂದು ಕಾಯಿಲೆಯನ್ನು 1908ರಲ್ಲಿ ಅದೇ ಹೆಸರಿನ ಜಪಾನಿ ಕಣ್ಣಿನ ವೈದ್ಯರು ತೋರಿಸಿಕೊಟ್ಟರು. ಇದರಲ್ಲಿ ದೊಡ್ಡ ನಾಳಗಳ ಗೋಡೆ ಉರಿಯೂತದಿಂದ ದಪ್ಪವಾಗುತ್ತದೆ. ಏಶಿಯದ ಪ್ರಾಯದ ಹೆಂಗಸರಲ್ಲಿ ಇದು ಹೆಚ್ಚು. ಒಂದು ಕೈಯಲ್ಲಿ ನಾಡಿಯೇ ಸಿಗದಿರಬಹುದು. ಎರಡೂ ಕೈಯ ನಾಡಿ ಹಿಡಿದು, ಎರಡೂ ಕೈಯ ಒತ್ತಡ ನೋಡಿದರೆ ಸುಳಿವು ಸಿಗುತ್ತದೆ. ಅದಕ್ಕೆ ಸಾವಿರಾರು ರೂಪಾಯಿ ಬೇಡ. ಎರಡು ನಿಮಿಷ ಸಾಕು.

ಕೆಲವರ ನಾಳದ ಗೋಡೆ ಮಣಿಸರದಂತೆ ಉಬ್ಬಿ ತಗ್ಗಿರುತ್ತದೆ. ಕೆಲವರ ಕೊರಳ ನಾಳದ ಒಳಗೆ ಸಣ್ಣ ಹಲಗೆಯಂಥ ಪೊರೆ ಚಾಚಿಕೊಂಡಿದ್ದು, ಅದರ ಹಿಂದೆ ರಕ್ತ ತಂಗಿ ಹೆಪ್ಪಾಗುತ್ತದೆ. ಇನ್ನು ಕೆಲವರ ಮೆದುಳಿನಲ್ಲಿ ಹುಟ್ಟಿನಿಂದಲೋ ಎಳವೆಯಿಂದಲೋ ನಾಳಗಳು ಗಂಟು ಬಿದ್ದಿರುತ್ತವೆ. ಆ ಗಂಟು ಒಡೆದರೆ ಮೆದುಳಿನೊಳಗೆ ರಕ್ತ ಸುರಿಯುತ್ತದೆ.

“ಹೆಸರು ಏನಾದರೇನು, ಲಕ್ವ ಲಕ್ವವೇ” ಎನ್ನುವವರಿಗೆ ಉತ್ತರ ಇದು: ಕಾರಣ ಬೇರೆಯಾದರೆ ಮದ್ದೂ ಬೇರೆ. ಸೀಳಿಗೆ ಕೆಲವು ತಿಂಗಳು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ. ಬಹಳ ಜನರಲ್ಲಿ ಸೀಳು ತಾನೇ ಮಾಯುತ್ತದೆ. ತಕಯಾಸುವಿಗೆ ಉರಿಯೂತ ತಗ್ಗಿಸುವ ಔಷಧ. ಮೊಯಮೊಯಕ್ಕೆ ತಲೆಯ ಹೊರಗಿನ ನಾಳವನ್ನು ಒಳಗಿನದಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ. ಪೊರೆಯಿರುವವನಿಗೆ ಬರಿಯ ಆಸ್ಪಿರಿನ್ ಸಾಲದೆ ಹೋಗಬಹುದು. ರಕ್ತ ಸುರಿಯುತ್ತಿರುವವನಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣವೇ ಹೋದೀತು. ಕಾರಣ ಹುಡುಕದೆ “ಲಕ್ವ” ಎಂದಷ್ಟೇ ಚೀಟಿ ಬರೆದು ಕಳಿಸಿದವನಿಗೆ ಎರಡನೆಯ ಹೊಡೆತ ಬಂದರೆ ಅದಕ್ಕೆ ಹೊಣೆ ಯಾರು?

ಸ್ಕ್ಯಾನಿನ ಮಾತನ್ನೂ ಬಿಡಿಸಿ ಹೇಳುತ್ತೇವೆ. ತಲೆಯ ಸಾದಾ ಸಿ.ಟಿ. ಚಿತ್ರ ಮೊದಲು ಬೇಕೇ ಬೇಕು. ರಕ್ತ ಸುರಿದಿದೆಯೋ ಇಲ್ಲವೋ ಎಂದು ಅದು ಹೇಳುತ್ತದೆ. ಆದರೆ ನಾಳದೊಳಗೆ ಏನಾಗಿದೆಯೆಂದು ಅದು ತೋರಿಸುವುದಿಲ್ಲ. ಹೆಪ್ಪಿನ ಲಕ್ವದ ಮೊದಲ ಗಂಟೆಗಳಲ್ಲಿ ಅದು ಸರಿಯಾಗಿಯೇ ಕಾಣಬಹುದು. “ಸ್ಕ್ಯಾನು ನಾರ್ಮಲ್, ಏನೂ ಇಲ್ಲ, ಮನೆಗೆ ಹೋಗಿ” ಎಂಬ ಮಾತಿಗೆ ಮೋಸಹೋಗಬೇಡಿ. ಬಣ್ಣದ ಮದ್ದು ಚುಚ್ಚಿ ಎದೆಯ ಮೇಲ್ಭಾಗದಿಂದ ತಲೆಯವರೆಗಿನ ನಾಳಗಳ ಚಿತ್ರ ತೆಗೆಯುವುದು ಬೇರೆಯೇ ಪರೀಕ್ಷೆ. ಅದಕ್ಕೆ ಆಂಜಿಯೋಗ್ರಾಮ್ ಎನ್ನುತ್ತಾರೆ. ಬದುಕಿರುವ ಮನುಷ್ಯನ ಮೆದುಳಿನ ನಾಳಗಳ ಚಿತ್ರವನ್ನು ಪೋರ್ತುಗಲಿನ ಎಗಾಸ್ ಮೊನಿಜ್ ಮೊದಲು ತೆಗೆದದ್ದು 1927ರಲ್ಲಿ. ಇಷ್ಟು ವರ್ಷಗಳ ಮೇಲೂ ಒಬ್ಬ ಮಾಣಿಗೆ ಆ ಚಿತ್ರ ದೊಡ್ಡ ಸೊತ್ತೆಂದು ಹೇಳುವುದು ನಾಚಿಕೆಗೇಡು.

ನಮ್ಮವರಿಗೂ ನಾಲ್ಕು ಮಾತು

ಮಾಲಿಕರನ್ನು ಬೈದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದಕ್ಕೆ ಈ ಲೇಖನ ಬರೆದಿಲ್ಲ. ನಮ್ಮ ಖೋಲಿಗಳಲ್ಲಿ ನಡೆಯುವುದೇನು? ಒಬ್ಬನಿಗೆ ಕತ್ತಿನ ಒಂದು ಬದಿಯಲ್ಲಿ ಎಂದೂ ಇಲ್ಲದ ನೋವು ಬಂದರೆ “ಉಳುಕಿದೆ” ಎಂದು ತೀರ್ಮಾನ. ಒಬ್ಬ ಗೆಳೆಯ ತಲೆ ಹಿಡಿದು ಫಟ್ಟನೆ ತಿರುಗಿಸಿ ಲಟಿಕೆ ತೆಗೆಯುತ್ತಾನೆ. ಇಲ್ಲವೆ ಕ್ಷೌರದಂಗಡಿಯಲ್ಲಿ ಮಾಲೀಶಿನ ಕೊನೆಗೆ ಕೊರಳು ಮುರಿಸಿಕೊಳ್ಳುತ್ತಾರೆ. ಹಿಂದಿನ ನಾಳ ಮೂಳೆಯ ತೂತುಗಳಲ್ಲಿ ಹಾದು ಬರುತ್ತದೆಂದು ಮೇಲೆ ಹೇಳಿದೆವಷ್ಟೆ. ಹೀಗೆ ಹಠಾತ್ತನೆ ತಿರುಚಿದರೆ ಆ ನಾಳ ಎಳೆದು ಸೀಳಬಹುದು. ಮೊದಲೇ ಸೀಳಿದ್ದರೆ ಕೇಡು ಹೆಚ್ಚಬಹುದು. ಕ್ಷೌರದಂಗಡಿಯಲ್ಲಿ ಕೂದಲು ತೊಳೆಯಲು ಕೊರಳನ್ನು ಹಿಂದಕ್ಕೆ ಬಾಗಿಸಿ ಕೂತ ಹೆಂಗಸರಿಗೆ ಲಕ್ವ ಹೊಡೆದುದನ್ನು ಅಮೆರಿಕೆಯ ನರವೈದ್ಯ ಮೈಕೆಲ್ ವೈನ್‌ಟ್ರಾಬ್ 1993ರಲ್ಲಿ ವರದಿ ಮಾಡಿದರು. ಕ್ಷೌರಿಕ ಬಂಧುಗಳನ್ನು ನಾವು ದೂರುತ್ತಿಲ್ಲ. ಅವರೂ ನಮ್ಮಂತೆ ದುಡಿದು ತಿನ್ನುವವರು. ಎಣ್ಣೆ ಹಚ್ಚಿ ತಲೆ ತಟ್ಟಲಿ, ಕೊರಳು ಮಾತ್ರ ತಿರುಚದಿರಲಿ; ನಾವೂ ಕೇಳದಿರೋಣ.

ಭಾರ ಎತ್ತುವಾಗಿನ ಬಿಗಿತ, ಜೋರಾದ ಕೆಮ್ಮು, ಬೈಕಿನಿಂದ ಬೀಳುವಾಗ ಕೊರಳಿಗೆ ಬಿದ್ದ ಜಗ್ಗು, ಇಂಥ ಸಣ್ಣ ಸಂಗತಿಗಳಿಂದಲೂ ಸೀಳು ಬಿದ್ದದ್ದುಂಟು. ಯಾವ ಕಾರಣವೂ ಕಾಣದೆ ಬಿದ್ದದ್ದೂ ಉಂಟು. ಗೋಣಿ ಹೊತ್ತವರಿಗೆಲ್ಲ ಹೀಗಾಗುವುದಿಲ್ಲ, ಹೆದರಬೇಡಿ. ಆದರೆ ಗುರುತು ತಿಳಿದಿರಲಿ. ಹೊಸತಾಗಿ ಬಂದ, ಒಂದೇ ಬದಿಯ ಕೊರಳುನೋವು ಅಥವಾ ತಲೆನೋವು. ಅದರ ಜೊತೆಗೆ ಒಂದು ಕಣ್ಣಿನ ರೆಪ್ಪೆ ಜೋತು, ಆ ಕಣ್ಣಿನ ಪಾಪೆ ಚಿಕ್ಕದಾಗುವುದು. ಕಿವಿಯಲ್ಲಿ ನಾಡಿಯ ತಾಳಕ್ಕೆ ಸುಯ್ಯೆನ್ನುವ ಸದ್ದು. ಇವು ಲಕ್ವಕ್ಕೆ ಗಂಟೆಗಳ ಮೊದಲು, ಕೆಲವೊಮ್ಮೆ ದಿನಗಳ ಮೊದಲು ಬರುವ ಎಚ್ಚರಿಕೆ. ಆಗಲೇ ದೊಡ್ಡ ಆಸ್ಪತ್ರೆಗೆ ಹೋದವನು ಲಕ್ವವನ್ನೇ ತಪ್ಪಿಸಿಕೊಳ್ಳಬಹುದು.

ಲಕ್ವ ಹೊಡೆದ ಮೇಲೆ ಕೆಲವರು ಎಣ್ಣೆ ತಿಕ್ಕುವವರನ್ನು ಹುಡುಕುತ್ತಾರೆ, ಕೆಲವರು ಪಾರಿವಾಳದ ರಕ್ತ ಹಚ್ಚುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ಹರಕೆಗೆ ನಮ್ಮ ಅಡ್ಡಿಯಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ ಹೊರಿ. ದೇವರಿಗೆ ನಾಳೆಯೂ ಪುರುಸೊತ್ತಿದೆ, ಮೆದುಳಿಗೆ ಇಲ್ಲ.

ಹಕ್ಕಿನ ಮಾತು

“ಇದಕ್ಕೆಲ್ಲ ಹಣವೆಲ್ಲಿ?” ಎಂಬ ಪ್ರಶ್ನೆಗೆ ಗಿರಣಿಯಲ್ಲಿ ದುಡಿದ ಹಿರಿಯರು ಉತ್ತರ ಬಲ್ಲರು. 1982ರ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆದರೆ ಇ.ಎಸ್.ಐ. ಚೀಟಿಯ ಬೆಲೆ ಏನೆಂಬುದನ್ನು ಅವರು ಮರೆತಿಲ್ಲ. 1948ರ ಕಾಯಿದೆಯಿಂದ ಹುಟ್ಟಿದ ಆ ಯೋಜನೆ ಹೋಟೆಲಿನವರಿಗೂ ಇದೆ. 10 ಅಥವಾ ಹೆಚ್ಚು ಜನ ದುಡಿಯುವ ಹೋಟೆಲು ಇದರೊಳಗೆ ಬರುತ್ತದೆ. ಸಂಬಳದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ಗೊತ್ತುಮಾಡಿದ ವಂತಿಗೆ ಇಷ್ಟು: ಕೆಲಸಗಾರನದು ಸಂಬಳದ ನೂರಕ್ಕೆ 0.75, ಮಾಲಿಕರದು 3.25.

ಇದರಲ್ಲಿ ಹೆಸರಿದ್ದವನಿಗೆ ಚಿಕಿತ್ಸೆಯಷ್ಟೇ ಅಲ್ಲ, ಕಾಯಿಲೆಯ ದಿನಗಳಿಗೆ ಭತ್ಯವೂ ಉಂಟು. ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಅರ್ಧಾಂಗ ಬೀಳುವ ಲಕ್ವವೂ ಸೇರಿದೆ. ಎರಡು ವರ್ಷ ಸತತವಾಗಿ ವಿಮೆಯ ಕೆಲಸದಲ್ಲಿದ್ದು ವಂತಿಗೆಯ ನಿಯಮಗಳು ಪೂರೈಸಿದ್ದರೆ, ದಿನದ ಸರಾಸರಿ ಕೂಲಿಯ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಭತ್ಯ ದೊರೆಯುವ ಅವಕಾಶವಿದೆ. ಹಾಗಾದರೆ ಒಂದೆರಡು ಸಾವಿರ ಕೈಗಿಟ್ಟು ಬಸ್ಸು ಹತ್ತಿಸುವವರ ಅವಸರ ಏತಕ್ಕೆಂದು ಈಗ ತಿಳಿಯಿತೆ? ಹೆಸರು ನೋಂದಾಯಿಸದಿದ್ದರೆ ಗುಟ್ಟು ಹೊರಬೀಳುತ್ತದೆ. “ಕುಡಿದು ಬಿದ್ದ” ಎಂದರೆ ಗುಟ್ಟು ಮುಚ್ಚುತ್ತದೆ. ಎಲ್ಲ ಮಾಲಿಕರೂ ಹೀಗೆಂದು ನಾವು ಹೇಳುವುದಿಲ್ಲ. ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದವರೂ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಕೆಲಸಗಾರನ ಪ್ರಾಣ ಒಬ್ಬರ ಒಳ್ಳೆಯತನದ ಮೇಲೆ ತೂಗಾಡಬಾರದು. ನಿಯಮದ ಮೇಲೆ ನಿಲ್ಲಬೇಕು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ.

ಒಂದನೆಯದು: ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ನಡಿಗೆ ತಪ್ಪಿದರೆ, ಕಣ್ಣು ಮಂಜಾದರೆ ಅಥವಾ ಎರಡೆರಡು ಕಂಡರೆ ಅದು ಲಕ್ವವೆಂದೇ ಹಿಡಿಯಬೇಕು. ಕುಡಿತದ ವಿಚಾರಣೆಯನ್ನು ಆಸ್ಪತ್ರೆಯಲ್ಲಿ ವೈದ್ಯರು ಮಾಡಲಿ. ಕೊನೆಯ ಸಲ ಚೆನ್ನಾಗಿದ್ದ ಹೊತ್ತು ಎಷ್ಟೆಂದು ಬರೆದಿಟ್ಟುಕೊಂಡು 108ಕ್ಕೆ ಫೋನು ಮಾಡಬೇಕು. ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಕೂಡದು, ಶ್ವಾಸಕೋಶಕ್ಕೆ ಇಳಿದೀತು.

ಎರಡನೆಯದು: ಓಣಿಯ ದವಾಖಾನೆಯಲ್ಲಿ ಹೊತ್ತು ಕಳೆಯದೆ, ಸಿ.ಟಿ. ಯಂತ್ರವೂ ನರರೋಗದ ವೈದ್ಯರೂ ಇರುವ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು. ಕೆ.ಇ.ಎಂ., ನಾಯರ್, ಸಾಯನ್ ಇವು ನಗರಪಾಲಿಕೆಯ ಆಸ್ಪತ್ರೆಗಳು. ನಮ್ಮ ನಿಮ್ಮ ತೆರಿಗೆಯಿಂದ ನಡೆಯುವಂಥವು. ಅಲ್ಲಿ ಹೋಗಿ ನಿಲ್ಲುವುದು ಭಿಕ್ಷೆಯಲ್ಲ.

ಮೂರನೆಯದು: 50ರ ಒಳಗಿನವನಿಗೆ ಲಕ್ವ ಹೊಡೆದಾಗ ಕೊರಳ ಮತ್ತು ತಲೆಯ ನಾಳಗಳ ಚಿತ್ರ ತೆಗೆಯದೆ, ಎರಡೂ ಕೈಯ ನಾಡಿ ನೋಡದೆ ಆತನನ್ನು ಊರಿಗೆ ಸಾಗಿಸಕೂಡದು. ವೈದ್ಯರನ್ನು ಗೌರವದಿಂದ ಕೇಳೋಣ. ಕೇಳದೆ ಮಾತ್ರ ಬರಬಾರದು.

ನಾಲ್ಕನೆಯದು: ಹೋಟೆಲಿನ ಪ್ರತಿಯೊಬ್ಬ ಕೆಲಸಗಾರನೂ, ಕ್ಲೀನರ್ ಹುಡುಗನಿಂದ ದೋಸೆ ಭಟ್ಟರವರೆಗೆ, ತನ್ನ ಇ.ಎಸ್.ಐ. ನಂಬರು ಏನೆಂದು ಈ ತಿಂಗಳೇ ಮಾಲಿಕರನ್ನು ಕೇಳಬೇಕು. ನಂಬರು ಇಲ್ಲದವರು ಸಂಘದ ಕಚೇರಿಗೆ ಬನ್ನಿ.

“ಸಂಘಕ್ಕೆ ಸಂಬಳ, ಬೋನಸ್ಸಿನ ಕೆಲಸ ಸಾಲದೆ? ರಕ್ತನಾಳದ ಕೆಲಸ ಏತಕ್ಕೆ?” ಎಂದು ಕೆಲವು ಸದಸ್ಯರು ನಗಬಹುದು. ಬಂಧುಗಳೇ, ಕೈಯೇ ಬಿದ್ದವನಿಗೆ ಬೋನಸ್ಸು ಎಣಿಸುವುದು ಹೇಗೆ? ಮಾತು ಹೋದವನು ಸಭೆಯಲ್ಲಿ ಬೇಡಿಕೆ ಇಡುವುದು ಹೇಗೆ? ದುಡಿಯುವ ದೇಹ ನಮ್ಮ ಮೊದಲ ಬಂಡವಾಳ. ಅದು ಬಿದ್ದಾಗ ಏಕೆ ಬಿತ್ತೆಂದು ತಿಳಿಯುವುದು ನಮ್ಮ ಹಕ್ಕು. ಆ ಹಕ್ಕನ್ನು ಒಂದೇ ಪ್ರಶ್ನೆಯಲ್ಲಿ ಕೇಳಬಹುದು, ಬಾಯಿಪಾಠ ಮಾಡಿಕೊಳ್ಳಿ: “ಕೊರಳ ನಾಳದ ಚಿತ್ರ ತೆಗೆದಿರಾ?” ತೆಗೆದು, ನೋಡಿ, ಕಾರಣ ಸಿಕ್ಕ ಮೇಲೆ ಕುಡಿತವೇ ಕಾರಣವೆಂದರೆ ತಲೆಬಾಗಿ ಕೇಳೋಣ. ಅಲ್ಲಿಯವರೆಗೆ ನಮ್ಮವನೊಬ್ಬನನ್ನು ಕುಡುಕನೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.